ತೆನೆ, ಚಾವಡಿ, ಎಕರೆ: ಇಂಗ್ಲಿಷ್ ಕಂಟ್ರಿ ಹೌಸ್ ಮತ್ತು ನಮ್ಮ ಮನೆಗಳು

(ನವಿ ಮುಂಬಯಿಯ ರಬಾಳೆಯಲ್ಲಿ, ಅಲ್ಲಿನ ಕನ್ನಡಿಗರ ಸಂಘದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಇಂಗ್ಲೆಂಡಿನ ಸಿರಿವಂತರ ಹಳ್ಳಿಯ ಬಂಗಲೆಗಳ ಬಗ್ಗೆ ಮಾತಾಡುತ್ತೇನೆಂದಾಗ ಸಂಘದ ಹಿರಿಯರೊಬ್ಬರು, ‘ರಬಾಳೆಗೂ ಅದಕ್ಕೂ ಏನು ಸಂಬಂಧ ಸ್ವಾಮಿ?’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕಂಟ್ರಿ ಹೌಸ್ ಎಂಬುದು ಕಲ್ಲು, ಗಾಜು, ಗೋಪುರಗಳಿಂದ ಹುಟ್ಟಿದ ಕಟ್ಟಡವಲ್ಲ. ಎಕರೆಗಳಿಂದ ಹುಟ್ಟಿದ ಕಟ್ಟಡ. ಸುತ್ತಲಿನ ಜಮೀನಿನ ಗೇಣಿ ಅದನ್ನು ಕಟ್ಟಿತು, ಆ ಜಮೀನು ಕೈಬಿಟ್ಟಾಗ ಅದು ಬಿತ್ತು. ಜಮೀನು ಕೈಬದಲಾದರೆ ಊರಿನ ಗತಿ ಏನಾಗುತ್ತದೆ ಎಂಬುದನ್ನು ನವಿ ಮುಂಬಯಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1970ರಲ್ಲಿ ನಗರ ನಿರ್ಮಾಣದ ಸರ್ಕಾರಿ ಸಂಸ್ಥೆ ಸಿಡ್ಕೊ ಬಂದು 95 ಹಳ್ಳಿಗಳ ನೆಲದ ಮೇಲೆ ನಗರದ ನಕ್ಷೆ ಹರಡಿತು. ನಾವಿರುವುದು ಆ ನಕ್ಷೆಯ ಮೇಲೆ.

ಇಂದಿನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಈ ಮನೆ ಹೇಗೆ ಬೆಳೆಯಿತು ಎಂಬುದನ್ನು ಚುಟುಕಾಗಿ ನೋಡೋಣ. ಆಮೇಲೆ ಅದು ಹಡಗು ಹತ್ತಿ ಕಲ್ಕತ್ತೆಗೆ ಬಂದ ಕಥೆ. ಮೂರನೆಯದು ಬೆಂಗಳೂರು ಅರಮನೆ; ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ. ಕಡೆಯಲ್ಲಿ ಈ ಮನೆಗಳ ಸುತ್ತಲಿನ ನೆಲಕ್ಕೆ ಏನಾಯಿತು ಎಂಬ ವಿಷಯ. ನಿಮ್ಮಲ್ಲಿ ಅನೇಕರ ಊರಿನ ಗುತ್ತಿನ ಮನೆಗಳೂ, ಅಂದರೆ ತುಳುನಾಡಿನ ಭೂಮಾಲೀಕರ ದೊಡ್ಡ ಮನೆಗಳೂ, ಆ ಕೊನೆಯ ಭಾಗದಲ್ಲಿ ಬರುತ್ತವೆ.

ಮೊದಲು ಇಂಗ್ಲೆಂಡ್. ಕೆಂಟ್ ಪ್ರಾಂತದಲ್ಲಿ ಪೆನ್ಸ್‌ಹರ್ಸ್ಟ್ ಪ್ಲೇಸ್ ಎಂಬ ಮನೆಯಿದೆ. ಲಂಡನ್ನಿನ ಮೇಯರ್ ಆಗಿದ್ದ ಶ್ರೀಮಂತ ವ್ಯಾಪಾರಿ ಜಾನ್ ದ ಪುಲ್ಟನಿ ಕಟ್ಟಿಸಿದ್ದು. ಅದರ ಜೀವ ಇರುವುದು ನಡುವಿನ ಒಂದೇ ದೊಡ್ಡ ಹಜಾರದಲ್ಲಿ. ಚೆಸ್ಟ್‌ನಟ್ ಮರದ ತೊಲೆಗಳ ಎತ್ತರದ ಮಾಡು, ನೆಲದ ನಡುವೆ ಬೆಂಕಿಯ ಒಲೆ. ಹೊಗೆಗೆ ಚಿಮಣಿ ಇರಲಿಲ್ಲ, ಮಾಡಿನ ಕಡೆ ಏರಿ ಹೊರಗೆ ಹೋಗಬೇಕು. ಒಂದು ತುದಿಯ ಎತ್ತರದ ಜಗಲಿಯಲ್ಲಿ ಒಡೆಯ ಉಣ್ಣುತ್ತಿದ್ದ, ಕೆಳಗೆ ಸಾಲಾಗಿ ಆಳುಕಾಳು. ಇನ್ನೊಂದು ತುದಿಯಲ್ಲಿ ಮರದ ಅಡ್ಡತೆರೆ. ಅದರ ಹಿಂದೆ ಅಡುಗೆಮನೆಗೂ ಉಗ್ರಾಣಗಳಿಗೂ ಹೋಗುವ ಬಾಗಿಲುಗಳು. ಊಟ, ನಿದ್ದೆ, ಹಬ್ಬ, ಲೆಕ್ಕ ಎಲ್ಲವೂ ಒಂದೇ ಸೂರಿನಡಿ. ಆ ಕಾಲದ ಇಂಥ ಹಜಾರಗಳಲ್ಲಿ ಒಡೆಯ ತನ್ನ ಒಕ್ಕಲುಗಳ ವ್ಯಾಜ್ಯವನ್ನೂ ತೀರಿಸುತ್ತಿದ್ದ. ತುಳುನಾಡಿನಿಂದ ಬಂದವರಿಗೆ ಈ ಚಿತ್ರ ಹೊಸದಲ್ಲ. ಗುತ್ತಿನ ಚಾವಡಿಯಲ್ಲಿ ಗುತ್ತಿನಾರು, ಅಂದರೆ ಮನೆಯ ಯಜಮಾನರು, ಕೂತು ಮಾಡುತ್ತಿದ್ದದ್ದೂ ಇದನ್ನೇ.

ಪೆನ್ಸ್‌ಹರ್ಸ್ಟಿನ ಇನ್ನೊಂದು ವಿವರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಬೆಂಗಳೂರಿಗೆ ಹೋದಾಗ ಬೇಕಾಗುತ್ತದೆ. ಆ ಕಾಲದ ಇಂಗ್ಲೆಂಡಿನಲ್ಲಿ ಮನೆಯ ಗೋಡೆಯ ಮೇಲೆ ಕೋಟೆಯಂತೆ ತೆನೆ ಕಟ್ಟಬೇಕಾದರೆ ದೊರೆಯ ಅನುಮತಿ ಪತ್ರ ಬೇಕಿತ್ತು. ಪುಲ್ಟನಿಗೆ ಅದು ಸಿಕ್ಕಿದ್ದು 1341ರಲ್ಲಿ. ಅವನ ಮೇಲೆ ದಂಡೆತ್ತಿ ಬರುವವರು ಯಾರೂ ಇರಲಿಲ್ಲ. ತೆನೆ ಅವನಿಗೆ ಬೇಕಾಗಿದ್ದದ್ದು ರಕ್ಷಣೆಗಲ್ಲ, ದೊರೆ ತನ್ನನ್ನು ದೊಡ್ಡ ಮನುಷ್ಯನೆಂದು ಒಪ್ಪಿದ್ದಾನೆ ಎಂದು ಊರಿಗೆ ತೋರಿಸುವುದಕ್ಕೆ.

ಮುಂದಿನ ಮುನ್ನೂರು ವರ್ಷಗಳ ಕಥೆಯೆಂದರೆ ಒಡೆಯ ಆ ಹಜಾರದಿಂದ ಮೆಲ್ಲನೆ ಎದ್ದು ಹೋದ ಕಥೆ. ಮೊದಲು ಮಹಡಿಯ ಕೋಣೆಗೆ ಹೋದ, ಆಮೇಲೆ ಕೋಣೆಯ ಒಳಗಿನ ಕೋಣೆಗೆ. 1590ರ ದಶಕದಲ್ಲಿ ರಾಬರ್ಟ್ ಸ್ಮಿತ್ಸನ್ ಎಂಬ ಕಲ್ಲುಕುಟಿಗ ಡರ್ಬಿಶೈರಿನಲ್ಲಿ ಹಾರ್ಡ್‌ವಿಕ್ ಹಾಲ್ ಕಟ್ಟಿದಾಗ ಗೋಡೆಗಿಂತ ಕಿಟಕಿಯೇ ಹೆಚ್ಚಾಯಿತು. ಗಾಜು ದುಬಾರಿಯಾಗಿದ್ದ ಕಾಲ ಅದು. ಮನೆಯೊಡತಿ ಬೆಸ್, ಅಂದರೆ ಶ್ರೂಸ್‌ಬರಿಯ ಎಲಿಜಬೆತ್, ತನ್ನ ಹೆಸರಿನ ಮೊದಲಕ್ಷರಗಳನ್ನು ಗೋಪುರಗಳ ನೆತ್ತಿಯ ಮೇಲೆಯೇ ಕೆತ್ತಿಸಿದಳು, ಸಂಕೋಚದ ಹೆಂಗಸಲ್ಲ. 17ನೆಯ ಶತಮಾನದಲ್ಲಿ ಹಿಂಬದಿಯ ಮೆಟ್ಟಿಲು ಬಂತು. ಅದು ಬಂದ ಮೇಲೆ ಬೂದಿ, ಬಟ್ಟೆ, ಬಿಸಿನೀರು ಹೊರುವ ಆಳುಗಳು ಮನೆಯವರ ಕಣ್ಣಿಗೆ ಬೀಳುವುದು ನಿಂತಿತು. ಈ ಮನೆಗಳ ವೈಭವವನ್ನು ಹೊಗಳುವ ಪುಸ್ತಕಗಳು ಮುಂಬದಿಯ ಕಂಬಸಾಲನ್ನೇ ಮುಖಪುಟಕ್ಕೆ ಹಾಕುತ್ತವೆ. ನನ್ನ ಮಟ್ಟಿಗೆ ಆ ಹಿಂಬದಿಯ ಮೆಟ್ಟಿಲು ಹೇಳುವಷ್ಟನ್ನು ಯಾವ ಕಂಬವೂ ಹೇಳುವುದಿಲ್ಲ.

ನೆಲದ ಮಾತಿಗೆ ಬಂದರೆ 18ನೆಯ ಶತಮಾನವೇ ಮುಖ್ಯ. ಲ್ಯಾನ್ಸಲಾಟ್ ಬ್ರೌನ್ ಎಂಬ ತೋಟಗಾರ ಒಡೆಯರ ಜಮೀನನ್ನೇ ಚಿತ್ರವಾಗಿ ತಿದ್ದಿದ. ಕಿಟಕಿಯಿಂದ ನೋಡಿದರೆ ಹುಲ್ಲು, ಕೆರೆ, ದೂರದಲ್ಲಿ ಮೇಯುವ ದನ. ಎಲ್ಲಿಯೂ ಬೇಲಿ ಕಾಣದು. ದನ ಮನೆಯಂಗಳಕ್ಕೆ ಬಾರದಂತೆ ತಡೆಯುವುದು ಹುಲ್ಲಿನ ನಡುವೆ ಅಡಗಿರುವ ಕಂದಕ. ಈ ಚಿತ್ರಕ್ಕೆ ಅಡ್ಡ ಬಂದ ಊರುಗಳನ್ನೇ ಕಿತ್ತು ಬೇರೆಡೆ ಇಟ್ಟದ್ದೂ ಉಂಟು. ಡರ್ಬಿಶೈರಿನ ಕೆಡಲ್‌ಸ್ಟನ್ ಹಾಲ್ ಕಟ್ಟುವಾಗ ಕೆಡಲ್‌ಸ್ಟನ್ ಹಳ್ಳಿಯನ್ನು ಸ್ಥಳಾಂತರಿಸಿದರು, ಹಳೆಯ ಚರ್ಚು ಮಾತ್ರ ಮನೆಯ ಮಗ್ಗುಲಲ್ಲಿ ಉಳಿಯಿತು. ನವಿ ಮುಂಬಯಿ ವಿಮಾನ ನಿಲ್ದಾಣಕ್ಕೆ ಹತ್ತು ಹಳ್ಳಿಗಳು ಎದ್ದು ಹೋದದ್ದನ್ನು ನೋಡಿದವರು ಈ ಸಭೆಯಲ್ಲಿದ್ದೀರಿ. ಕೆಡಲ್‌ಸ್ಟನ್ನಿನವರಿಗೆ ನೆಲ ಕಳೆದುಕೊಂಡವರ ಪರ ಹೋರಾಡಿದ ದಿ. ಬಾ. ಪಾಟೀಲರಂಥ ಮುಂದಾಳು ಇರಲಿಲ್ಲ, ಹೋದ ನೆಲದ ಒಂದು ಪಾಲನ್ನು ನಿವೇಶನವಾಗಿ ಮರಳಿಸುವ ಶೇಕಡಾ ಹನ್ನೆರಡೂವರೆಯ ಯೋಜನೆಯೂ ಇರಲಿಲ್ಲ.

ಕೆಡಲ್‌ಸ್ಟನ್ ಹೆಸರು ಬಂದದ್ದರಿಂದ ಎರಡನೆಯ ಭಾಗಕ್ಕೆ ದಾಟುವುದು ಸುಲಭವಾಯಿತು.

1760ರ ದಶಕದಲ್ಲಿ ರಾಬರ್ಟ್ ಆಡಮ್ ರೂಪ ಕೊಟ್ಟ ಈ ಮನೆಯ ನಕ್ಷೆ ಸರಳ: ನಡುವೆ ಮುಖ್ಯ ಕಟ್ಟಡ, ನಾಲ್ಕು ಮೂಲೆಗೆ ನಾಲ್ಕು ರೆಕ್ಕೆ, ರೆಕ್ಕೆಗಳನ್ನು ಕೂಡಿಸುವ ಬಾಗಿದ ಓಣಿಗಳು. ಇಂಗ್ಲೆಂಡಿನಲ್ಲಿ ಎರಡೇ ರೆಕ್ಕೆ ಕಟ್ಟಲಾಯಿತು. ನಾಲ್ಕೂ ಎದ್ದು ನಿಂತದ್ದು ಕಲ್ಕತ್ತೆಯಲ್ಲಿ. ಗವರ್ನರ್ ಜನರಲ್ ವೆಲ್ಲೆಸ್ಲಿ ಅಲ್ಲಿನ ಗವರ್ನಮೆಂಟ್ ಹೌಸನ್ನು ಇದೇ ನಕ್ಷೆಯ ಮೇಲೆ ಚಾರ್ಲ್ಸ್ ವ್ಯಾಟ್ ಕೈಯಲ್ಲಿ ಕಟ್ಟಿಸಿದ. ಕೆಲಸ ಶುರುವಾದದ್ದು 1799ರಲ್ಲಿ. ಇಸವಿ ಕೇಳಿದ ಕೂಡಲೇ ಕನ್ನಡಿಗರ ಕಿವಿ ನಿಮಿರಬೇಕು: ಶ್ರೀರಂಗಪಟ್ಟಣ ಬಿದ್ದದ್ದು ಅದೇ ವರ್ಷದ ಮೇ ತಿಂಗಳಲ್ಲಿ, ಅದೇ ವೆಲ್ಲೆಸ್ಲಿಯ ಆಡಳಿತದಲ್ಲಿ.

ಇಂಗ್ಲೆಂಡಿನಲ್ಲಿ ಅಂದಕ್ಕೆ ಹೊಳೆದ ನಕ್ಷೆ ಕಲ್ಕತ್ತೆಯಲ್ಲಿ ಗಾಳಿಗೆ ಒದಗಿತು. ರೆಕ್ಕೆಗಳು ಬಿಡಿಬಿಡಿಯಾಗಿ ನಿಂತದ್ದರಿಂದ ಯಾವ ದಿಕ್ಕಿನ ಗಾಳಿ ಬೀಸಿದರೂ ಹಾಯಲು ದಾರಿ ಸಿಕ್ಕಿತು. ಆದರೆ ಅಡುಗೆಮನೆ ಮಾತ್ರ ಹೊರಗೆ, ದೂರದಲ್ಲಿ. ಸಾಮ್ರಾಜ್ಯದ ಅತ್ಯುನ್ನತ ಮೇಜಿಗೆ ಸಾರು ಆರಿಯೇ ಬರುತ್ತಿತ್ತು. 1899ರಲ್ಲಿ ಆ ಮನೆಗೆ ವೈಸರಾಯ್ ಆಗಿ ಬಂದ ಕರ್ಜನ್ ಹುಟ್ಟಿದ್ದು ಕೆಡಲ್‌ಸ್ಟನ್ನಿನಲ್ಲೇ. ತನ್ನ ತವರುಮನೆಯ ನೆರಳಿನಂಥ ಕಟ್ಟಡದಿಂದ ಅವನು ಈ ದೇಶವನ್ನು ಆಳಿದ.

ಸರಕು ಆ ಕಡೆಗೂ ಹೋಗುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹಣದಿಂದ ಎದ್ದ ಮನೆಗಳು ಬ್ರಿಟನ್ನಿನಲ್ಲಿ ಹಲವಾರಿವೆ. ವೇಲ್ಸಿನ ಪೊವಿಸ್ ಕೋಟೆಯಲ್ಲಿ ಟಿಪ್ಪುವಿನ ಡೇರೆಯನ್ನು ಇಂದಿಗೂ ಕಾಣಬಹುದು. ಅವನ ಸಿಂಹಾಸನದ ಚಿನ್ನದ ಹುಲಿಮುಖವೂ ರತ್ನಖಚಿತ ಹುಮಾ ಹಕ್ಕಿಯೂ ಸೇರಿದ್ದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹಕ್ಕೆ, ವಿಂಡ್ಸರಿಗೆ. ಬೆಂಗಳೂರು ಅರಮನೆಯನ್ನು ‘ಚಿಕ್ಕ ವಿಂಡ್ಸರ್’ ಎಂದು ಹೆಮ್ಮೆಯಿಂದ ತೋರಿಸುವ ಗೈಡುಗಳು ಈ ಮಾತನ್ನು ಯಾಕೋ ಎತ್ತುವುದಿಲ್ಲ.

ಈಗ ಆ ಅರಮನೆಯ ಬಾಗಿಲಿಗೇ ಹೋಗೋಣ.

ಈ ಜಾಗ ಮೊದಲು ರೆವರೆಂಡ್ ಜಾನ್ ಗ್ಯಾರೆಟ್ ಅವರದು. ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಯ ಮೊದಲ ಪ್ರಿನ್ಸಿಪಾಲರು, ವೆಸ್ಲಿಯನ್ ಮಿಷನ್ನಿನವರು. ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಭಗವದ್ಗೀತೆಯನ್ನು ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ ಮನುಷ್ಯ. ಮನೆಯ ಕೆಲಸ 1862ರಲ್ಲಿ ಅವರೇ ಆರಂಭಿಸಿದರೆಂಬ ಹೇಳಿಕೆಯಿದೆ. 1873ರಲ್ಲಿ ಅದನ್ನು ಕೊಂಡದ್ದು ಹತ್ತು ವರ್ಷದ ಬಾಲಕ ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ, ಅವರದೇ ಹಣದಿಂದ, 40,000 ರೂಪಾಯಿಗೆ. ಕೊಂಡವರು ಅವರ ಬ್ರಿಟಿಷ್ ಪಾಲಕರು. 1874ರಿಂದ 1878ರವರೆಗೆ ಕಟ್ಟಡವನ್ನು ಹಿಗ್ಗಿಸಿ ಈಗಿನ ರೂಪಕ್ಕೆ ತಂದರು. ತೋಟದ ಹೊಣೆ ಲಾಲ್‌ಬಾಗ್‌ನ ಜಾನ್ ಕ್ಯಾಮರಾನ್ ಅವರದು.

ಶೈಲಿ ಟ್ಯೂಡರ್, ಅಂದರೆ 16ನೆಯ ಶತಮಾನದ ಇಂಗ್ಲೆಂಡನ್ನು 19ನೆಯ ಶತಮಾನದಲ್ಲಿ ನೆನೆದು ಕಟ್ಟಿದ್ದು. ಕರಿಕಲ್ಲಿನ ಗೋಡೆ, ಮೇಲೆ ಹಬ್ಬಿದ ಬಳ್ಳಿ, ಚೌಕದ ಮತ್ತು ದುಂಡನೆಯ ಗೋಪುರಗಳು, ಉದ್ದಕ್ಕೂ ತೆನೆ. ವಿಂಡ್ಸರಿನ ನಕಲೇ ಇದು? ಹೋಲಿಕೆ ದೂರದಿಂದ ಕಾಣುವ ಆಕಾರದ ಮಟ್ಟಿಗೆ ಮಾತ್ರ. ಆ ವಿಂಡ್ಸರಿನ ಆಕಾರವೂ ಹಳೆಯದಲ್ಲ. 1820ರ ದಶಕದಲ್ಲಿ ನಾಲ್ಕನೆಯ ಜಾರ್ಜ್ ದೊರೆಗಾಗಿ ಜೆಫ್ರಿ ವ್ಯಾಟ್‌ವಿಲ್ ಅಲ್ಲಿನ ದುಂಡುಗೋಪುರವನ್ನು ಎತ್ತರಿಸಿ, ತೆನೆಗಳನ್ನು ತಿದ್ದಿ, ಕೋಟೆಗೆ ಇಲ್ಲದ ಮುಪ್ಪನ್ನು ಹಚ್ಚಿದ. ಬೆಂಗಳೂರಿಗೆ ಬಂದದ್ದು ಆ ಹಚ್ಚಿದ ಮುಪ್ಪು.

ಈಗ ಪೆನ್ಸ್‌ಹರ್ಸ್ಟಿನ ಅನುಮತಿ ಪತ್ರವನ್ನು ನೆನಪಿಸಿಕೊಳ್ಳಿ. 1831ರಿಂದ ಮೈಸೂರು ರಾಜ್ಯವನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರುಗಳು. ಅಧಿಕಾರ ಒಡೆಯರಿಗೆ ಮರಳಿದ್ದು 1881ರ ಮಾರ್ಚ್ 25ರಂದು. ಈ ಮನೆ ಎದ್ದದ್ದು ಅದಕ್ಕೆ ಮೊದಲು, ದೊರೆಗೆ ರಾಜ್ಯವೇ ಇಲ್ಲದಿದ್ದಾಗ, ರಾಜ್ಯವನ್ನು ಕೈಯಲ್ಲಿಟ್ಟುಕೊಂಡವರ ಉಸ್ತುವಾರಿಯಲ್ಲಿ. ತನ್ನ ಊರಿನ ಕೋಟೆಯನ್ನು ಕಾಯುವ ಅಧಿಕಾರವಿಲ್ಲದ ಹುಡುಗನಿಗೆ ಆಟದ ಕೋಟೆಯೊಂದನ್ನು ಕಟ್ಟಿಕೊಟ್ಟ ಹಾಗಾಯಿತು. ಪುಲ್ಟನಿಗೆ ತೆನೆ ಕಟ್ಟಿಕೋ ಎಂದ ದೊರೆಯ ಸ್ಥಾನದಲ್ಲಿ ಇಲ್ಲಿ ಸರ್ಕಾರ ಬಹಾದ್ದೂರ್ ನಿಂತಿದೆ. ಆ ತೆನೆಗಳನ್ನು ಶೈಲಿಯ ಪ್ರಶ್ನೆಯೆಂದು ಮಾತ್ರ ನೋಡುವ ಕಲಾ ಇತಿಹಾಸ ನನಗೆ ಸಾಲದು.

ಒಳಗೆ ಹೋದರೆ ಬೇರೆಯೇ ಮಾತು. ಮೆಟ್ಟಿಲೇರಿದರೆ ಮೊದಲ ಮಹಡಿಯಲ್ಲಿ ದರ್ಬಾರ್ ಹಾಲ್; ಒಂದು ಬದಿಗೆ ಬಣ್ಣದ ಗಾಜಿನ ಗಾಥಿಕ್ ಕಿಟಕಿಗಳು, ಇನ್ನೊಂದು ಬದಿಗೆ ಹೆಂಗಸರು ಕೂತು ದರ್ಬಾರನ್ನು ನೋಡಲು ತೆರೆಯ ಮರೆ. ಇಂಗ್ಲಿಷ್ ಮನೆಯ ಯಾವ ಹಜಾರದಲ್ಲೂ ಇಂಥ ಏರ್ಪಾಡು ಬೇಕಿರಲಿಲ್ಲ. ಕೆಳಗಿಳಿದರೆ ತೆರೆದ ಅಂಗಳ, ಅದರ ಸುತ್ತ ಪಡಸಾಲೆ, ನೀಲಿ ಬಿಲ್ಲೆ ಹೊದಿಸಿದ ಕಲ್ಲಿನ ಆಸನಗಳು. ಚಳಿದೇಶದ ಮನೆಗೆ ಕಿಟಕಿ ಸಾಕು, ನಮ್ಮ ಮನೆಗೆ ಆಕಾಶವೇ ಬೇಕು. ಮೈಸೂರು ಸೀಮೆಯ ತೊಟ್ಟಿಮನೆಯಲ್ಲಿ ಬೆಳಕು ಬರುವುದೂ ಬಿಸಿಗಾಳಿ ಮೇಲೇರಿ ಹೋಗುವುದೂ ನಡುವಿನ ತೊಟ್ಟಿಯಿಂದ. ಇಂಗ್ಲಿಷ್ ವೇಷದ ಈ ಮನೆ ಉಸಿರಾಡುವುದು ಆ ಅಂಗಳದಿಂದಲೇ. ಕಟ್ಟಡದ ಈ ಭಾಗವೇ ನನಗೆ ಅಚ್ಚುಮೆಚ್ಚು. ಬಂದವರಲ್ಲಿ ಹೆಚ್ಚಿನವರು ಗೋಪುರದ ಮುಂದೆ ಸೆಲ್ಫಿ ತೆಗೆದುಕೊಂಡು ಅಂಗಳವನ್ನು ದಾಟಿಹೋಗುತ್ತಾರೆ.

ಇಲ್ಲಿ ಒಂದು ಪುಟ್ಟ ಕವಲುದಾರಿ, ಅದೂ ಮುಂಬಯಿಗಾಗಿ. ಮೈಸೂರಿನ ಲಲಿತಮಹಲಿನ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ ಮುಂಬಯಿಯವರು. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಆ ಬಿಳಿಯ ಕಟ್ಟಡ ವೈಸರಾಯ್ ಮತ್ತು ಯುರೋಪಿಯನ್ ಅತಿಥಿಗಳಿಗೆಂದು ಎದ್ದದ್ದು. ಜೋಡಿ ಅಯೋನಿಕ್ ಕಂಬಗಳು, ನೆತ್ತಿಯ ಮೇಲೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟವನ್ನು ನೆನಪಿಸುವ ಗುಮ್ಮಟ, ಒಳಗೆ ಇಟಲಿಯ ಅಮೃತಶಿಲೆಯ ಮೆಟ್ಟಿಲು. ಅಚ್ಚುಕಟ್ಟಾದ ಕೆಲಸ, ಸಂದೇಹವಿಲ್ಲ. ಆದರೆ ಎರಡಂತಸ್ತಿನ ಮನೆಗೆ ಆ ಗುಮ್ಮಟ ಭಾರವೆಂದೇ ನನ್ನ ಅಭಿಪ್ರಾಯ. ಅದು ಯಾರೂ ಕಾಯಮ್ಮಾಗಿ ಬಾಳದ ಮನೆ. ಗೇಣಿಯೂ ಒಕ್ಕಲೂ ಇಲ್ಲದ ಕಂಟ್ರಿ ಹೌಸ್ ಹುಟ್ಟುವಾಗಲೇ ಅರ್ಧ ಹೋಟೆಲ್ ಆಗಿರುತ್ತದೆ. 1974ರಲ್ಲಿ ಅದು ಪೂರ್ತಿ ಹೋಟೆಲೇ ಆಯಿತು.

1974 ಎಂಬ ಇಸವಿಯನ್ನು ಹಿಡಿದೇ ಕೊನೆಯ ಭಾಗಕ್ಕೆ ಬರುತ್ತೇನೆ. ಆ ವರ್ಷ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಕಂಟ್ರಿ ಹೌಸುಗಳ ನಾಶದ ಬಗ್ಗೆ ಒಂದು ಪ್ರದರ್ಶನ ನಡೆಯಿತು. ಹಿಂದಿನ ನೂರು ವರ್ಷಗಳಲ್ಲಿ ನೆಲಸಮವಾದ ನೂರಾರು ಮನೆಗಳ ಚಿತ್ರಗಳನ್ನು ಕಂಡು ನೋಡುಗರು ದಂಗಾದರು. ಕಾರಣಗಳನ್ನು ಹುಡುಕುತ್ತ ಹೋದರೆ ಮತ್ತೆ ನೆಲಕ್ಕೇ ಬರುತ್ತೇವೆ. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಬಂದು ಗೇಣಿ ಕುಸಿಯಿತು. ಹಿರಿಯ ಮಗನಿಗೇ ಇಡೀ ಆಸ್ತಿ ಹೋಗುವಂತೆ ಕಟ್ಟಿಟ್ಟಿದ್ದ ಏರ್ಪಾಡು 1882ರ ಕಾಯ್ದೆಯಿಂದ ಸಡಿಲವಾಗಿ ಜಮೀನು ಮಾರುವುದಕ್ಕೆ ದಾರಿಯಾಯಿತು. 1894ರಲ್ಲಿ ಯಜಮಾನ ಸತ್ತಾಗ ಕಟ್ಟಬೇಕಾದ ತೆರಿಗೆ ಬಂತು. ನೆಲ ಹೋದ ಮೇಲೆ ಉಳಿದದ್ದು ಸೋರುವ ಸೂರು. ನ್ಯಾಷನಲ್ ಟ್ರಸ್ಟ್ 1937ರಿಂದ ಕೆಲವು ಮನೆಗಳನ್ನು ವಹಿಸಿಕೊಂಡಿತು. ಹಾರ್ಡ್‌ವಿಕ್, ಕೆಡಲ್‌ಸ್ಟನ್, ಪೊವಿಸ್ ಇಂದು ಅದರ ವಶದಲ್ಲಿವೆ. ಟಿಕೆಟ್ ಕೊಂಡು ನೋಡಬಹುದು.

ಅದೇ 1974ರಲ್ಲಿ ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು, ಉಳುವವನೇ ಹೊಲದೊಡೆಯನಾದ. ದಕ್ಷಿಣ ಕನ್ನಡ ಜಿಲ್ಲೆಯಷ್ಟು ಅದರ ಪರಿಣಾಮ ಕಂಡ ಸೀಮೆಗಳು ಕಡಿಮೆ. ಅದಕ್ಕೂ ಮುಂಚೆ, 1949ರ ಮದರಾಸು ಅಳಿಯಸಂತಾನ ಕಾಯ್ದೆ ಅವಿಭಕ್ತವಾಗಿದ್ದ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ಅವಕಾಶ ಕೊಟ್ಟಿತ್ತು. ಇಂಗ್ಲೆಂಡಿನಲ್ಲಿ ಹಿರಿಯ ಮಗ, ತುಳುನಾಡಿನಲ್ಲಿ ಸೋದರಳಿಯ: ಎರಡು ಕಡೆಯೂ ಉದ್ದೇಶ ನೆಲವನ್ನು ಒಡೆಯದೆ ಇಡುವುದು. ಆ ಕಟ್ಟು ಬಿಚ್ಚಿ, ಗೇಣಿ ಅಕ್ಕಿಯ ಮುಡಿಗಳು ಅಂಗಳಕ್ಕೆ ಬರುವುದು ನಿಂತಾಗ ಗುತ್ತಿನ ಮನೆಗಳಿಗೂ ಆದದ್ದು ನೆಲಸಮವಾದ ಇಂಗ್ಲಿಷ್ ಮನೆಗಳಿಗೆ ಆದದ್ದೇ. ಕೆತ್ತನೆಯ ಕಂಬ, ತೊಲೆ, ಬಾಗಿಲವಾಡಗಳು ಹಳೆ ಸಾಮಾನಿನ ವ್ಯಾಪಾರಿಗಳ ಕೈ ಸೇರಿ, ಎಲ್ಲೆಲ್ಲಿಯದೋ ರೆಸಾರ್ಟುಗಳಲ್ಲಿ ನಿಂತಿವೆ. ಇದನ್ನು ಹೇಳುವಾಗ ಒಂದನ್ನು ಮರೆಯಬಾರದು. ಗೇಣಿದಾರನ ಮನೆಗೆ ಮೊದಲ ಸಲ ನೆಲದ ಹಕ್ಕಿನ ಕಾಗದ ಬಂತು. ಚಾವಡಿ ಬಿದ್ದದ್ದಕ್ಕೆ ಮರುಗುವವನು ಆ ಕಾಗದಕ್ಕೂ ಸಂತೋಷಪಡಬೇಕಾಗುತ್ತದೆ. ನಾನು ಎರಡನ್ನೂ ಮಾಡುತ್ತೇನೆ.

ಬೆಂಗಳೂರು ಅರಮನೆಯ ನೆಲದ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ನೆಲ ಮನೆಯನ್ನು ಬಿಟ್ಟುಹೋಗಲಿಲ್ಲ, ಮನೆಯನ್ನೇ ನುಂಗುವಷ್ಟು ದೊಡ್ಡದಾಯಿತು. 1971ರಲ್ಲಿ ರಾಜಧನ ರದ್ದಾಯಿತು. ಊರಿನ ಹೊರಗಿದ್ದ ತೋಟ ಊರಿನ ನಡುವಿನ ಮೈದಾನವಾಗಿ ಮದುವೆ, ರಾಜಕೀಯ ಸಭೆ, ಸಂಗೀತ ಕಚೇರಿಗಳಿಗೆ ಬಾಡಿಗೆಗೆ ಹೋಯಿತು. 2011ರಲ್ಲಿ ಮೆಟಾಲಿಕಾ ತಂಡ ಹಾಡಿದ್ದು ಅಲ್ಲಿಯೇ. 1996ರಲ್ಲಿ ರಾಜ್ಯ ಸರ್ಕಾರ ಅರಮನೆಯನ್ನೂ ಸುತ್ತಲಿನ 472 ಎಕರೆಯನ್ನೂ ಸ್ವಾಧೀನಕ್ಕೆ ತೆಗೆದುಕೊಳ್ಳುವ ಕಾಯ್ದೆ ಮಾಡಿ 11 ಕೋಟಿ ರೂಪಾಯಿ ಪರಿಹಾರ ಗೊತ್ತುಮಾಡಿತು. ಹೈಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು, ರಾಜವಂಶದವರು ಸುಪ್ರೀಂ ಕೋರ್ಟಿಗೆ ಹೋದರು. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆಗಳನ್ನು ಅಗಲ ಮಾಡಲು ಬೇಕಾದ ಸುಮಾರು 15 ಎಕರೆಗೆ ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು, ಕೊಡುವ ಪ್ರಶ್ನೆ ಎದ್ದಾಗ ಅದರ ಮೌಲ್ಯ ಮೂರು ಸಾವಿರ ಕೋಟಿ ರೂಪಾಯಿ ಮೀರಿತು. ಟಿಡಿಆರ್‌ನ ಮಹಿಮೆಯನ್ನು ಮುಂಬಯಿಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. 2025ರಲ್ಲಿ ಈ ನೆಲದ ಬಳಕೆಯ ಬಗ್ಗೆಯೇ ವಿಧಾನಮಂಡಲ ಮತ್ತೊಂದು ಕಾಯ್ದೆ ಮಾಡಬೇಕಾಯಿತು.

ಇಷ್ಟೂ ಕಾಗದಪತ್ರಗಳಲ್ಲಿ ಎಕರೆ ಇದೆ, ಗುಂಟೆ ಇದೆ, ಕೋಟಿ ಇದೆ. ಸುಮಾರು 45,000 ಚದರಡಿಯ ಮನೆಯ ಬಗ್ಗೆ ಚರ್ಚೆಯೇ ಅಪರೂಪ. ನೆಲದ ವ್ಯಾಜ್ಯ ಯಾರ ಪರ ತೀರಲಿ, ಕಟ್ಟಡದ ಸಂರಕ್ಷಣೆಯನ್ನು ಅದರಿಂದ ಬಿಡಿಸಿ ಈಗಲೇ ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ನಿಲುವು. ಕೋರ್ಟಿನ ತಾರೀಖಿಗೆ ಕಾಯುವ ತಾಳ್ಮೆ ಸುಣ್ಣದ ಗಾರೆಗಿಲ್ಲ.

ಕೊನೆಯದಾಗಿ ಸಭೆಗೆ ಒಂದು ವಿನಂತಿ. ನಿಮ್ಮಲ್ಲಿ ಹಲವರ ಊರಿನಲ್ಲಿ ಗುತ್ತು, ಬೀಡು, ವಾಡೆ, ತೊಟ್ಟಿಮನೆ ಇನ್ನೂ ನಿಂತಿರಬಹುದು, ಇಲ್ಲವೇ ಪಾಲಿನ ಮಾತುಕತೆಯಲ್ಲಿರಬಹುದು. ಉಳಿಸಿ ಎಂದು ಹೇಳುವ ಅಧಿಕಾರ ನನಗಿಲ್ಲ. ಸೂರು ರಿಪೇರಿಯ ಖರ್ಚು ನಿಮ್ಮದು. ಆದರೆ ಕೆಡವುವ ಮೊದಲು ಒಬ್ಬ ಸರ್ವೇಯರನನ್ನೋ ವಾಸ್ತುಶಿಲ್ಪದ ವಿದ್ಯಾರ್ಥಿಯನ್ನೋ ಕರೆಸಿ ಅಳತೆಯ ನಕ್ಷೆ ಬರೆಸಿ. ಚಾವಡಿಯಷ್ಟೇ ಅಲ್ಲ, ಅಡುಗೆಮನೆ, ಬಾವಿಕಟ್ಟೆ, ಹಟ್ಟಿ, ಆಳುಗಳು ಬರುತ್ತಿದ್ದ ಹಿಂಬಾಗಿಲು ಎಲ್ಲವೂ ಅದರಲ್ಲಿ ಇರಲಿ. ಯಾವ ಕೋಣೆಯಲ್ಲಿ ಯಾರಿಗೆ ಪ್ರವೇಶವಿತ್ತು, ಯಾರಿಗೆ ಇರಲಿಲ್ಲ ಎಂಬುದನ್ನು ಮನೆಯ ಹಿರಿಯರಿಂದಲೂ ಹಳೆಯ ಒಕ್ಕಲು ಮನೆಗಳವರಿಂದಲೂ ಕೇಳಿ ಬರೆದಿಡಿ. ಅದರ ಒಂದು ಪ್ರತಿಯನ್ನು ಈ ಸಂಘದ ಗ್ರಂಥಾಲಯಕ್ಕೆ ಕೊಡಿ. ಮುಂದಿನ ವರ್ಷದ ದತ್ತಿ ಉಪನ್ಯಾಸಕರಿಗೆ ಇಂಗ್ಲೆಂಡಿನಿಂದ ಶುರುಮಾಡುವ ಅಗತ್ಯ ಬೀಳದಿರಲಿ.